ಗರಗಸ ನಿಂತ ದಶಕದ ಪಾಠ

ಹನ್ನೊಂದನೆಯ ನೋಟ್‌ಬುಕ್ಕಿಗೆ ಬಂದಾಗ ಕೆಂಪು ಪೆನ್ನು ಕೆಳಗಿಟ್ಟೆ. ಹನ್ನೊಂದರಲ್ಲೂ ಒಂದೇ ಮಾತಿತ್ತು. ಕಾಡು ನಮ್ಮ ಸಂಪತ್ತು, ಅದನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ. ಕಾಗುಣಿತದ ತಪ್ಪೂ ಒಂದೇ ಜಾಗದಲ್ಲಿ. ಮೊದಲು ಬರೆದವನ ತಪ್ಪನ್ನು ಉಳಿದ ಹತ್ತು ಜನ ಹಾಗೇ ಇಳಿಸಿಕೊಂಡಿದ್ದರು.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಯಲ್ಲಾಪುರ ಪೇಟೆಯ ಅಂಚಿನ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷ ಹೈಸ್ಕೂಲುಗಳಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದರು. ತೊಂಬತ್ತರ ದಶಕದಲ್ಲಿ ನಿಮ್ಮ ಊರಿನ ಪರಿಸರ ಹೇಗಿತ್ತು, ಜನ ಹೇಗೆ ಬದುಕಿದರು ಎಂಬುದನ್ನು ಮಕ್ಕಳೇ ಹುಡುಕಿ ವರದಿ ಮಾಡಬೇಕು, ನಾಲ್ಕು ಚಾರ್ಟು ಬರೆಯಬೇಕು, ಶಿರಸಿಗೆ ಕಳಿಸಬೇಕು. ಹೆಡ್‌ಮಾಸ್ತರರು ಅದನ್ನು ನನ್ನ ಒಂಬತ್ತನೇ ತರಗತಿಗೆ ಹಚ್ಚಿದರು. ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು, ಒಂದು ವಿಭಾಗ ಮುಚ್ಚುವ ಮಾತು ಬಂದಿತ್ತು. ಒಂದು ಬಹುಮಾನ ಬಂದರೆ ನಾಲ್ಕು ಜನರ ಬಾಯಲ್ಲಿ ನಮ್ಮ ಶಾಲೆಯ ಹೆಸರು ಬರುತ್ತದೆ ಎಂಬುದು ಅವರ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮಕ್ಕಳ ಸಂಖ್ಯೆ ಇಳಿದದ್ದೂ ಆ ದಶಕದ ಕಥೆಯೇ. ನಮ್ಮ ಶಾಲೆಯ ಹಿಂದೆ, ಹಳ್ಳದ ಆಚೆ, ಒಂದು ಕಾಲಕ್ಕೆ ಮರ ಕೊಯ್ಯುವ ಮಿಲ್ಲುಗಳಿದ್ದವು. ಕಾಡಿನಲ್ಲಿ ಹಸಿಮರ ಕಡಿಯುವುದು ನಿಂತಿತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ದಿಮ್ಮಿ ಹೊರುವವರು, ಲಾರಿಗೆ ಏರಿಸುವವರು, ಗರಗಸದ ಮುಂದೆ ನಿಲ್ಲುವವರು ಊರು ಬಿಟ್ಟರು. ಕೆಲವರು ಉಳಿದರು. ತರಗತಿಯ ಮೂವತ್ತೇಳು ಮಕ್ಕಳಲ್ಲಿ ಒಂಬತ್ತು ಮಂದಿ ಅಂಥ ಮನೆಯವರು. ಇನ್ನು ಕೆಲವರು ಆ ಮರಗಳನ್ನು ಕಡಿಯಬಾರದೆಂದು ಸಭೆ ಮಾಡಿ, ಮೆರವಣಿಗೆ ಹೋದ ಮನೆಯವರು. ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತು ಒಂದೇ ವಾಕ್ಯ ಬರೆದಿದ್ದರು.

ನಾನು ಮೆರವಣಿಗೆಯ ಕಡೆಯವಳು. ನನ್ನ ತವರು ಸಿದ್ದಾಪುರ ತಾಲೂಕಿನ ಹೇರೂರಿನ ಹತ್ತಿರ. ಅಣ್ಣ ಕಾಡು ಉಳಿಸುವ ಕೆಲಸಕ್ಕೆ ಹತ್ತು ವರ್ಷ ತಿರುಗಿದವನು. ಆ ಭಾನುವಾರ ಅವನಲ್ಲಿಗೆ ಹೋಗಿ ಹಳೇ ಕರಪತ್ರಗಳನ್ನು ಕೇಳಿದೆ. ಅಟ್ಟದಿಂದ ಒಂದು ಟ್ರಂಕು ಇಳಿಸಿ ಕೊಟ್ಟ. ಎಲ್ಲವನ್ನೂ ಓದಿದೆ. ಮರದ ಜಾತಿ, ಕಡಿದ ಗುಡ್ಡದ ಹೆಸರು, ಬತ್ತಿದ ಒರತೆ, ಎಲ್ಲ ಇತ್ತು. ಕೊಯ್ಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನೇ ಅಣ್ಣನಿಗೆ ಹೇಳಿದೆ. ಅವನು ಟ್ರಂಕಿನ ಮುಚ್ಚಳ ಹಾಕಿದ.

"ಮರ ಉಳತ್ತು ತಂಗೀ. ಕೊಯ್ತಿದ್ದವು ಎಲ್ಲಿಗೆ ಹೋದ್ವು ಹೇಳಿ ಆನು ಕೇಳಿದ್ನಿಲ್ಲೆ," ಎಂದ.

ಸೋಮವಾರ ನೋಟ್‌ಬುಕ್ಕುಗಳನ್ನೆಲ್ಲ ತಿದ್ದದೆ ಹಿಂದೆ ಕೊಟ್ಟೆ. ಮೊದಲಿನಿಂದ ಶುರು ಮಾಡೋಣ ಎಂದೆ. ಹಲಗೆಯ ಉದ್ದಕ್ಕೂ ಒಂದು ಗೆರೆ ಎಳೆದು ಹತ್ತು ಭಾಗ ಮಾಡಿದೆ, ಒಂದೊಂದು ಭಾಗ ಒಂದೊಂದು ವರ್ಷ. ಪ್ರತಿಯೊಬ್ಬರೂ ತಮ್ಮ ಮನೆಗೆ ಆ ವರ್ಷ ಏನು ಬಂತು, ಮನೆಯಿಂದ ಏನು ಹೋಯಿತು ಎಂದು ಕೇಳಿ ಬರೆಯಬೇಕು. ಮೂರು ಕಟ್ಟುಪಾಡು ಹಾಕಿದೆ. ಕಣ್ಣಾರೆ ಕಂಡದ್ದು ಅಥವಾ ಮನೆಯವರ ಬಾಯಿಂದ ಕೇಳಿದ್ದು ಮಾತ್ರ ಬರೆಯಬೇಕು. ಒಂದು ವಿಷಯವನ್ನು ಇಬ್ಬರು ಹಿರಿಯರಲ್ಲಿ ಕೇಳಿ ತಾಳೆ ನೋಡಬೇಕು. 'ಮಾಡಬೇಕು', 'ಉಳಿಸಬೇಕು' ಎಂಬ ಮಾತು ಎಲ್ಲೂ ಬರಕೂಡದು. ಮೂರನೆಯದು ಅವರಿಗೆ ಬಹಳ ಕಷ್ಟವಾಯಿತು. ಆ ಮಾತು ಬಿಟ್ಟರೆ ಬರೆಯಲು ಏನೂ ಉಳಿಯುವುದಿಲ್ಲ ಎಂದು ಒಬ್ಬ ಹೇಳಿಯೂ ಹೇಳಿದ.

ಎರಡು ವಾರ ಏನೂ ಆಗಲಿಲ್ಲ. ಅಪ್ಪ ಬೈದರು, ಅಜ್ಜಿಗೆ ನೆನಪಿಲ್ಲ, ಕೇಳಲು ಹೊತ್ತಾಗಲಿಲ್ಲ. ಸಿಲೆಬಸ್ಸು ಹಿಂದೆ ಬಿತ್ತು, ಹೆಡ್‌ಮಾಸ್ತರರು ದಿನಾ ವಿಚಾರಿಸತೊಡಗಿದರು. ಮಕ್ಕಳನ್ನು ಶನಿವಾರ ಬೆಳಿಗ್ಗೆ ಮುಚ್ಚಿದ ಮಿಲ್ಲೊಂದರ ಅಂಗಳಕ್ಕೆ ಕರೆದುಕೊಂಡು ಹೋದೆ. ದಿಮ್ಮಿ ಉರುಳಿಸುತ್ತಿದ್ದ ಹಳಿ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಮರದ ಹೊಟ್ಟು ರಾಶಿಬಿದ್ದ ಜಾಗ ಮಾತ್ರ ಇನ್ನೂ ಮೆತ್ತಗಿತ್ತು, ಅಲ್ಲಿ ಗಿಡ ಹುಟ್ಟಿರಲಿಲ್ಲ. ಅಲ್ಲಿಂದ ಹಿಂದಿರುಗುವಾಗ ಒಂದು ಹುಡುಗಿ ನನ್ನ ಪಕ್ಕ ನಡೆಯತೊಡಗಿದಳು. ಹಿಂದಿನ ಬೆಂಚಿನವಳು, ಕೇಳಿದ್ದಕ್ಕಷ್ಟೇ ಉತ್ತರಿಸುವವಳು. ಅವಳ ಅಪ್ಪ ಅದೇ ಮಿಲ್ಲಿನಲ್ಲಿ ಗರಗಸದ ಪಟ್ಟಿಯ ಹಲ್ಲು ಹರಿತ ಮಾಡುತ್ತಿದ್ದವನು, ಹಾವೇರಿ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವನು.

"ಖರೇನೇ ಬರೆದ್ರೆ ಯಾರಾದ್ರೂ ಓದ್ತಾರಾ ಟೀಚರ್?" ಎಂದು ಕೇಳಿದಳು.

ವರದಿಯನ್ನು ನಾವೆಲ್ಲ ಸೇರಿ ಬೇರೆ ಬರೆಯುತ್ತೇವೆ, ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ನೋಟ್‌ಬುಕ್ಕು ನನ್ನ ಕಪಾಟಿನಲ್ಲೇ ಇರುತ್ತದೆ, ನನ್ನನ್ನು ಬಿಟ್ಟು ಬೇರೆ ಯಾರೂ ಓದುವುದಿಲ್ಲ ಎಂದೆ. ಅದನ್ನು ನಾನು ನಂಬಿಯೇ ಹೇಳಿದ್ದೆ. ಅವಳು ತಲೆಯಾಡಿಸಿದಳು.

ಆಮೇಲೆ ಬರತೊಡಗಿತು. ಒಬ್ಬಳ ಮನೆಯಲ್ಲಿ ಸೌದೆಗೆ ಹೋಗುವ ದಾರಿ ಎಷ್ಟು ಉದ್ದವಾಯಿತೆಂದು ತಾಯಿ ಮಗಳು ಹೆಜ್ಜೆ ಎಣಿಸಿ ಬಂದಿದ್ದರು. ಒಬ್ಬನ ಮಾವ ಊರು ಬಿಟ್ಟ ವರ್ಷ ಯಾರಿಗೂ ಸರಿಯಾಗಿ ನೆನಪಿಲ್ಲದೆ, ಆಕಳು ಕರು ಹಾಕಿದ ಲೆಕ್ಕದಲ್ಲಿ ಹಿಡಿದಿದ್ದರು. ಸಭೆ ಮಾಡಿದವರ ಮನೆಯ ಹುಡುಗನೊಬ್ಬ ತನ್ನ ಅಜ್ಜನ ಭಾಷಣ ಬರೆದು ತಂದ. ಕೆಳಗೆ, 'ಅಜ್ಜನಿಗೆ ಮಿಲ್ಲಿನ ಒಬ್ಬರ ಹೆಸರೂ ಗೊತ್ತಿರಲಿಲ್ಲ' ಎಂದು ಸಣ್ಣಕ್ಷರದಲ್ಲಿ ಸೇರಿಸಿದ್ದ. ಬಂದಷ್ಟನ್ನು ಸೇರಿಸಿ, ಹೆಸರುಗಳನ್ನು ಬಿಟ್ಟು, ತರಗತಿಯಲ್ಲೇ ವರದಿ, ಚಾರ್ಟು ಬರೆದೆವು.

ಆ ಹುಡುಗಿಯದು ಎಲ್ಲರಿಗಿಂತ ಕೊನೆಗೆ ಬಂತು, ಇಪ್ಪತ್ತಾರು ಪುಟ. ಮಿಲ್ಲಿನ ಬೆಳಗಿನ ಸೀಟಿಯಿಂದ ಶುರುವಾಗಿತ್ತು. ಗರಗಸದ ಹಲ್ಲನ್ನು ಅರದಿಂದ ಉಜ್ಜುವಾಗ ಅಪ್ಪ ಮಾತಾಡುತ್ತಿರಲಿಲ್ಲ, ಕಿವಿಯಲ್ಲೇ ಹರಿತ ತಿಳಿಯುತ್ತಿತ್ತು. ಮಿಲ್ಲು ನಿಂತ ಮೇಲೆ ಅವನು ಗಾರೆ ಕೆಲಸ ಮಾಡಿದ್ದು, ಹೋಟೆಲಿನಲ್ಲಿ ತಟ್ಟೆ ತೊಳೆದಿದ್ದು, ಅಮ್ಮನ ಕಾಯಿಲೆ, ಒಲೆ ಹಚ್ಚದ ದಿನಗಳು ಇದ್ದವು. ಕೊನೆಯ ಎರಡು ಪುಟ ಈಗಿನದು. ಅಪ್ಪ ಮಳೆ ಜೋರಿರುವ ದಿನ ಕಾಡಿಗೆ ಹೋಗುತ್ತಾನೆ, ಮಳೆಯ ಸದ್ದಿಗೆ ಗರಗಸದ ಸದ್ದು ಕೇಳುವುದಿಲ್ಲ. ಬಾಗಿಲು ಕಿಟಕಿಯ ಅಳತೆಗೆ ಅಲ್ಲೇ ಕೊಯ್ದು ಸೌದೆ ಹೊರೆಯೊಳಗೆ ತರುತ್ತಾನೆ. ಎಲ್ಲಿ ಅಡಗಿಸಿಡುತ್ತಾನೆ ಎಂಬುದನ್ನೂ ಬರೆದಿದ್ದಳು. ಆ ಜಾಗ ಯಾರಿಗಾದರೂ ಗುರುತು ಸಿಗುವಂಥದ್ದು. ಕೊಳ್ಳುವವರು ಹೊಸ ಮನೆ ಕಟ್ಟಿಸುವವರು ಎಂದೂ ಬರೆದಿದ್ದಳು.

ಅದನ್ನು ಉಳಿದವುಗಳ ಜೊತೆ ಇಡಲು ಮನಸ್ಸಾಗಲಿಲ್ಲ. ಕಪಾಟಿನಲ್ಲಿ ಎಲ್ಲದರ ಮೇಲೆ, ಬೇರೆಯಾಗಿ, ಕಾಗದ ಸುತ್ತಿ ಇಟ್ಟೆ. ಏನು ಮಾಡಬೇಕೆಂದು ಬಂದ ಮೇಲೆ ಯೋಚಿಸೋಣವೆಂದು ಎರಡು ದಿನದ ರಜೆ ಹಾಕಿ ಶಿರಸಿಗೆ ಹೋದೆ.

ರಜೆ ಹಾಕಿದ್ದು ನಮ್ಮದೇ ಮನೆಯ ಕೆಲಸಕ್ಕೆ. ಶಿರಸಿಯ ಹೊರಗೆ, ಇಸಳೂರಿನಲ್ಲಿ, ನಾವು ಮನೆ ಕಟ್ಟಿಸುತ್ತಿದ್ದೆವು. ಆ ದಿನ ಹೆಬ್ಬಾಗಿಲಿನ ದಾರಂದ, ಅಂದರೆ ಬಾಗಿಲ ಚೌಕಟ್ಟು, ನಿಲ್ಲಿಸುವ ಶಾಸ್ತ್ರ. ಅರಿಸಿನ ಕುಂಕುಮ ಹಚ್ಚಲು ಕೈ ಎತ್ತಿದವಳಿಗೆ ಹುಡುಗಿಯ ಎರಡು ಪುಟ ನೆನಪಾದವು. ಸರ್ಕಾರದ ಡಿಪೋದಿಂದ ಬಂದ ಮರಕ್ಕೆ ಸುತ್ತಿಗೆಯ ಮುದ್ರೆ ಇರುತ್ತದೆ, ಸಾಗಿಸಲು ಪಾಸು ಇರುತ್ತದೆ. ದಾರಂದದ ಎರಡೂ ಬದಿ, ಮೇಲೆ, ಕೆಳಗೆ ನೋಡಿದೆ. ಒರಗಿಸಿಟ್ಟ ಕಿಟಕಿ ಚೌಕಟ್ಟುಗಳನ್ನೂ ನೋಡಿದೆ. ಎಲ್ಲೂ ಮುದ್ರೆ ಇರಲಿಲ್ಲ. ಕೀಸುವಾಗ ಅಳಿಸಿಹೋಗುತ್ತದೆ ಎಂದ ಬಡಿಗ. ಪಾಸು ಎಲ್ಲಿ ಎಂದು ಕೇಳಿದ್ದಕ್ಕೆ ನನ್ನ ಗಂಡನ ಮುಖ ನೋಡಿದ. ಗಂಡ ನನ್ನನ್ನು ಪಕ್ಕಕ್ಕೆ ಕರೆದು, ಭಟ್ಟರು ಕಾಯ್ತಾ ಇದ್ದಾರೆ, ಈಗ ಎಂತಕ್ಕೆ ಅದೆಲ್ಲ ಎಂದರು. ಮೂವತ್ತೇಳು ಮಕ್ಕಳಿಗೆ ಕಂಡದ್ದನ್ನೇ ಬರೆಯಿರಿ ಎಂದು ಹೇಳಿದ್ದವಳು ನಾನು ಸುಮ್ಮನೆ ಕುಂಕುಮ ಹಚ್ಚಿದೆ.

ಮೂರನೆಯ ದಿನ ಬೆಳಿಗ್ಗೆ ಶಾಲೆಗೆ ಬಂದು ಕಪಾಟು ತೆಗೆದರೆ ಖಾಲಿ.

ಹೆಡ್‌ಮಾಸ್ತರರು ಖುಷಿಯಲ್ಲಿದ್ದರು. ಕಳಿಸುವ ಕೊನೆಯ ದಿನವನ್ನು ಮೊದಲು ಹೇಳಿದ್ದಕ್ಕಿಂತ ಬೇಗ ಇಟ್ಟರಂತೆ, ನಾನು ಇಲ್ಲದ್ದರಿಂದ ಅವರೇ ಕಪಾಟು ತೆಗೆದು ಕೂತು ಕಟ್ಟು ಮಾಡಿದರಂತೆ. ವರದಿಯ ಜೊತೆ ಮಕ್ಕಳ ಕೈಬರಹವೂ ಇದ್ದರೆ ತೂಕ ಬರುತ್ತದೆಂದು ನೋಟ್‌ಬುಕ್ಕುಗಳನ್ನೂ ಸೇರಿಸಿದ್ದರು.

"ನೀವು ಮೇಲೆ ಬೇರೆ ಇಟ್ಟಿದ್ರಲ್ಲ, ಅದೇ ಚೊಲೋದು ಅಂತ ತಿಳ್ದು ಮೊದಲಿಗೇ ಇಟ್ಟೆ ಮೇಡಂ," ಎಂದರು.

ಓದಿದ್ದೀರಾ ಎಂದು ಕೇಳಿದೆ. ಮೊದಲ ನಾಲ್ಕು ಪುಟ ಓದಿದ್ದರು, ಬಹಳ ಚೆನ್ನಾಗಿದೆ ಎಂದರು. ಕಟ್ಟನ್ನು ವಾಪಸು ತರಿಸಬೇಕು ಎಂದೆ. ಯಾಕೆಂದು ಹೇಳುವ ಹಾಗಿರಲಿಲ್ಲ. ಒಬ್ಬರಿಗೆ ಹೇಳಿದರೆ ಅದು ಇಬ್ಬರ ಗುಟ್ಟು. ಅವರು ನಕ್ಕು, ಬಹುಮಾನ ಬಂದ ಮೇಲೆ ತರಿಸೋಣ ಎಂದರು. ಅರ್ಧ ದಿನದ ರಜೆ ಚೀಟಿ ಬರೆದು ಅವರ ಮೇಜಿನ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಶಿರಸಿಯಲ್ಲಿ ಸ್ಪರ್ಧೆಯ ಕಚೇರಿ ಎಂದರೆ ಒಂದು ಉದ್ದನೆಯ ಹಾಲು. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ಮೇಲೆ ಒಂದೊಂದು ಶಾಲೆಯ ಕಟ್ಟು. ನಮ್ಮದು ಕಿಟಕಿಯ ಪಕ್ಕವಿತ್ತು, ಹೆಡ್‌ಮಾಸ್ತರರ ಗುಂಡು ಅಕ್ಷರ ದೂರಕ್ಕೇ ಗುರುತು ಸಿಕ್ಕಿತು. ದಾರ ಬಿಚ್ಚಿ ಮತ್ತೆ ಸಡಿಲಾಗಿ ಕಟ್ಟಿತ್ತು. ಯಾರು ಬಿಚ್ಚಿದ್ದು ಎಂದು ಗುಮಾಸ್ತರನ್ನು ಕೇಳಿದೆ. ಪಟ್ಟಿ ಮಾಡಲು ತಾನೇ ಬಿಚ್ಚಿದೆ ಎಂದರು, ಬೇರೆ ಯಾರಾದರೂ ಮುಟ್ಟಿರಬಹುದು, ನೋಡಿಲ್ಲ ಎಂದರು. ಬಾಗಿಲ ಪಕ್ಕದಲ್ಲಿ ತೀರ್ಪುಗಾರರ ಪಟ್ಟಿ ಅಂಟಿಸಿದ್ದರು. ಒಬ್ಬರು ಕಾಲೇಜಿನ ಉಪನ್ಯಾಸಕರು, ಒಬ್ಬರು ನಿವೃತ್ತ ಶಿಕ್ಷಕರು, ಮೂರನೆಯವರು ಅರಣ್ಯ ಇಲಾಖೆಯ ಅಧಿಕಾರಿ. ಮೂವರೂ ಮಾರನೆಯ ಬೆಳಿಗ್ಗೆ ಬರುವವರಿದ್ದರು.

ಕಟ್ಟು ವಾಪಸು ಕೊಡಿ ಎಂದೆ. ರಿಜಿಸ್ಟರಿನಲ್ಲಿ ಏರಿದೆ, ಹೆಡ್‌ಮಾಸ್ತರರ ಪತ್ರ ಬೇಕು ಎಂದರು. ಒಂದೇ ಒಂದು ನೋಟ್‌ಬುಕ್ಕು ಸಾಕು ಎಂದೆ. ಎಣಿಕೆ ಬರೆದಾಗಿದೆ, ಒಂದು ಕಡಿಮೆಯಾದರೆ ತನ್ನ ತಲೆಗೆ ಬರುತ್ತದೆ ಎಂದರು. ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಶಾಲೆಗೆ ಫೋನು ಮಾಡಿದೆ. ಹೆಡ್‌ಮಾಸ್ತರರ ದನಿಯಲ್ಲಿ ಈಗ ಖುಷಿ ಇರಲಿಲ್ಲ. ಕಾರಣ ಹೇಳಿ, ಪತ್ರ ಕೊಡುತ್ತೇನೆ ಎಂದರು. ಕಾರಣ ಹೇಳಲಾಗುವುದಿಲ್ಲ ಎಂದೆ. ಆ ಕಡೆ ಫೋನು ಇಟ್ಟ ಸದ್ದು ಕೇಳಿತು.

ಮತ್ತೆ ಹಾಲಿಗೆ ಬಂದೆ. ಗುಮಾಸ್ತರು ಚಹಾ ಕುಡಿಯಲು ಎದ್ದಿದ್ದರು. ಯಾರೂ ಇರಲಿಲ್ಲ. ಕಟ್ಟಿನ ಹತ್ತಿರ ಹೋಗಿ ಮೇಲಿನ ನೋಟ್‌ಬುಕ್ಕಿನ ಮೇಲೆ ಕೈ ಇಟ್ಟೆ. ಅದನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡು ಹೊರಟುಬಿಡಬಹುದಿತ್ತು. ಹಾಗೆ ಮಾಡದೆ ಇದ್ದದ್ದು ಪ್ರಾಮಾಣಿಕತೆಯಿಂದಲ್ಲ. ಎಣಿಕೆ ತಪ್ಪಿದರೆ ಹುಡುಕುತ್ತಾರೆ, ಯಾವ ಮಗುವಿನದು ಇಲ್ಲ ಎಂದು ಪಟ್ಟಿ ನೋಡುತ್ತಾರೆ, ಅವಳ ಹೆಸರೇ ಮೇಲೆ ಬರುತ್ತದೆ ಎಂಬ ಭಯ. ಕೈ ತೆಗೆದು ಬೆಂಚಿನ ಮೇಲೆ ಕೂತೆ. ಏನು ಮಾಡಿದರೆ ಈ ಇಡೀ ಕಟ್ಟನ್ನು ಯಾರೂ ಓದುವುದಿಲ್ಲ ಎಂದು ಯೋಚಿಸಿದೆ. ಓದಲು ಯೋಗ್ಯವಲ್ಲ ಎಂದಾಗಬೇಕು. ಅದಕ್ಕೆ ಒಂದೇ ದಾರಿ ಇತ್ತು.

ಗುಮಾಸ್ತರು ಬಂದ ಮೇಲೆ ಒಂದು ಬಿಳಿ ಹಾಳೆ ಕೇಳಿ ಇಸಿದುಕೊಂಡೆ. ಈ ಶಾಲೆಯ ವರದಿ, ಚಾರ್ಟು, ಮಕ್ಕಳ ನೋಟ್‌ಬುಕ್ಕುಗಳಲ್ಲಿರುವುದೆಲ್ಲ ನಾನೇ ಕಲ್ಪಿಸಿ ಹೇಳಿ ಬರೆಸಿದ್ದು, ಇದರಲ್ಲಿ ಮಕ್ಕಳ ಸ್ವಂತದ್ದು ಏನೂ ಇಲ್ಲ, ಇದು ಸ್ಪರ್ಧೆಯ ನಿಯಮಕ್ಕೆ ವಿರುದ್ಧವಾಗಿರುವುದರಿಂದ ತಿರಸ್ಕರಿಸಿ ಹಿಂದಿರುಗಿಸಬೇಕು ಎಂದು ಬರೆದು ಸಹಿ ಮಾಡಿದೆ. ಅವರು ಎರಡು ಸಲ ಓದಿದರು.

"ಇದು ಕೊಟ್ರೆ ನಿಮ್ಗೇ ತ್ರಾಸು ಮೇಡಂ. ಇನ್ನೊಂದ್ಸಲ ವಿಚಾರ ಮಾಡಿ," ಎಂದರು.

ವಿಚಾರ ಮಾಡಿಯೇ ಬರೆದದ್ದು ಎಂದೆ. ತಮ್ಮ ಮೇಲಿನ ಅಧಿಕಾರಿಯನ್ನು ಕರೆಸಿದರು. ಅವರು ಎಲ್ಲರೆದುರಿಗೇ ಬೈದರು. ನಿಮ್ಮಂಥವರಿಂದಲೇ ಮಕ್ಕಳು ಸುಳ್ಳು ಕಲಿಯುವುದು ಎಂದರು. ಕಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ 'ತಿರಸ್ಕೃತ' ಎಂದು ಬರೆದು ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಯಲ್ಲಾಪುರ ಬರುವವರೆಗೂ ಬೆರಳು ಬಿಚ್ಚಲಿಲ್ಲ.

ತಿರಸ್ಕಾರದ ಪತ್ರ ಶಿರಸಿಯಿಂದ ಶಾಲೆಗೆ ನನಗಿಂತ ತಡವಾಗಿ, ನಾಲ್ಕು ದಿನಕ್ಕೆ ಬಂತು. ಹೆಡ್‌ಮಾಸ್ತರರು ಓದಿ, ಬಹಳ ಹೊತ್ತು ಕನ್ನಡಕ ಒರೆಸಿದರು. ಮೆಮೊ ಕೊಟ್ಟರು, ನನ್ನ ಸೇವಾ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ ಎಂದರು. ಅದಕ್ಕೆ ನಾನು ಸಿದ್ಧಳಾಗಿದ್ದೆ. ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಮಾತಾಡುತ್ತಾರೆಂದು ಮಾತ್ರ ಎಣಿಸಿರಲಿಲ್ಲ. ನಮ್ಮ ಶಾಲೆಯನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದಾರೆ, ಬರಹ ಮಕ್ಕಳದ್ದಲ್ಲ, ತಾನೇ ಬರೆಸಿದ್ದು ಎಂದು ಶಿಕ್ಷಕಿಯವರು ಒಪ್ಪಿಕೊಂಡಿದ್ದಾರೆ ಎಂದರು. ಬೇರೆ ತರಗತಿಗಳ ಸಾಲಿನಿಂದ ನಗು ಕೇಳಿತು. ಒಂಬತ್ತನೆಯ ತರಗತಿ ನಗಲಿಲ್ಲ. ಮೂವತ್ತೇಳು ಮುಖ ನನ್ನ ಕಡೆ ತಿರುಗಿದ್ದವು. ಹೆಜ್ಜೆ ಎಣಿಸಿದವಳು, ಅಜ್ಜನ ಭಾಷಣದವನು, ಎಲ್ಲರೂ.

ಆ ದಿನ ಪಾಠ ಮಾಡಲಾಗಲಿಲ್ಲ. ಹಲಗೆಯ ಮೇಲಿನ ಹತ್ತು ವರ್ಷದ ಗೆರೆಯನ್ನು ಯಾರೋ ಒರೆಸಿದ್ದರು. ಮಧ್ಯಾಹ್ನ ಆ ಹುಡುಗಿ ಜಗಲಿಯಲ್ಲಿ ನನ್ನನ್ನು ತಡೆದಳು.

"ಹಂಗಾರೆ ನಾನು ಬರೆದದ್ದು ಸುಳ್ಳಾ ಟೀಚರ್?"

ಅವಳಿಗೆ ಮಾತ್ರ ನಡೆದದ್ದೆಲ್ಲ ಹೇಳಿದೆ. ನೋಟ್‌ಬುಕ್ಕು ಕಪಾಟಿನಿಂದ ಹೋದದ್ದು, ಶಿರಸಿಯ ಬೆಂಚಿನ ಮೇಲೆ ಇದ್ದದ್ದು, ದಾರ ಬಿಚ್ಚಿದ್ದದ್ದು. ನೀನು ನಂಬಿ ಬರೆದೆ, ಅದನ್ನು ಕಾಯಲು ನನ್ನಿಂದ ಆಗಲಿಲ್ಲ ಎಂದೆ. ಅವಳು ಚೀಲ ತೆಗೆದುಕೊಳ್ಳದೆ ಮನೆಗೆ ಹೋದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ನಾಲ್ಕನೆಯ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಚೀಲವನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹಳ್ಳ ದಾಟಿ ಹೋದೆ. ಮಿಲ್ಲಿನವರು ಆಳುಗಳಿಗೆ ಕಟ್ಟಿಸಿದ್ದ ಸಾಲುಮನೆ, ಅದರಲ್ಲಿ ಮೂರು ಮನೆಗಳಲ್ಲಷ್ಟೇ ಜನ. ಅವಳ ಅಪ್ಪ ಬಾಗಿಲ ಹತ್ತಿರ ಕೂತಿದ್ದ. ಸಣ್ಣ ಆಳು, ಬೆರಳುಗಳ ತುದಿ ಕಲ್ಲಿನ ಹಾಗೆ ಗಟ್ಟಿ. ಅವನು ಕೂಗಾಡುತ್ತಾನೆಂದು, ಹೊರಗೆ ಹಾಕುತ್ತಾನೆಂದು ಎಣಿಸಿ ಹೋಗಿದ್ದೆ. ಅವನು ಎದ್ದು ಮಣೆ ಕೊಟ್ಟ. "ಕುಂದರ್ರಿ ಅಕ್ಕೋರ," ಎಂದ. ಅಡಗಿಸಿಟ್ಟಿದ್ದನ್ನು ಇದ್ದಲ್ಲೇ ಬಿಟ್ಟಿದ್ದೇನೆ, ಇನ್ನು ಆ ದಿಕ್ಕಿಗೆ ಹೋಗುವುದಿಲ್ಲ, ಯಾವತ್ತು ಯಾರು ಬಂದು ಬಾಗಿಲು ಬಡಿಯುತ್ತಾರೋ ಎಂದು ಮೂರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ ಎಂದ. ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ನಮ್ಮ ಮನೆಯ ದಾರಂದದ ವಿಷಯವನ್ನೂ ಹೇಳಿದೆ, ಹೇಳದಿದ್ದರೆ ಅಲ್ಲಿ ಕೂರುವ ಹಕ್ಕಿಲ್ಲ ಎನಿಸಿತು. ಅವನು ಮುಖ ಎತ್ತಿದ.

"ಅದು ನಂದಲ್ರಿ. ನಾ ಶಿರಸಿ ಕಡೆ ಕೊಡಂಗಿಲ್ಲ. ಅಲ್ಲಿ ಬ್ಯಾರೇದವ್ರ ಅದಾರ," ಎಂದ.

ಆಮೇಲೆ ನನ್ನ ಕೈಯಲ್ಲಿದ್ದ ನೋಟ್‌ಬುಕ್ಕು ನೋಡಿ, ತನಗೆ ಓದಲು ಬರುವುದಿಲ್ಲ, ಮಗಳನ್ನು ಕೇಳಿದರೆ ಹೇಳುತ್ತಿಲ್ಲ, ಏನು ಬರೆದಿದ್ದಾಳೆ ಓದಿ ಎಂದ. ಹುಡುಗಿ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಮೊದಲ ಪುಟದಿಂದ ಓದಿದೆ. ಸೀಟಿ, ಅರ, ತಟ್ಟೆ ತೊಳೆದಿದ್ದು. ಒಲೆ ಹಚ್ಚದ ದಿನಗಳ ಪುಟಕ್ಕೆ ಬಂದಾಗ ಅವನು ಎದ್ದು ಹೋಗಿ ನೀರು ಕುಡಿದು ಬಂದ. ಮಿಲ್ಲು ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತಿತು ಎಂಬ ಸಾಲನ್ನು ಓದಿದಾಗ ಕೈ ಅಡ್ಡ ಹಿಡಿದ.

"ಅದೊಂದು ತಪ್ಪೈತಿ. ಇದ್ದಕ್ಕಿದ್ದಂಗ ಅಲ್ರಿ. ವರ್ಷ ವರ್ಷ ದಿಮ್ಮಿ ಸಣ್ಣ ಆಗ್ತಾ ಬಂದ್ವು. ಮೊದ್ಲ ಇಬ್ರು ತಬ್ಬಿದ್ರೂ ಸಿಗ್ತಿರಲಿಲ್ಲ, ಆಮ್ಯಾಲ ಒಬ್ಬಾಂವ ಹೆಗಲ ಮ್ಯಾಲ ತರೋವು ಬಂದ್ವು. ಕಾಡು ಮುಗೀತು ಅಂತ ಗರಗಸದ ಮುಂದ ನಿಂತಾವ್ರಿಗೆ ಮೊದ್ಲ ಗೊತ್ತಾತು. ನಮ್ಮನ್ನ ಯಾರು ಕೇಳ್ತಾರ್ರಿ?"

ಒಂದು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಆ ಮಾತು. ಅಣ್ಣನ ಟ್ರಂಕಿನಲ್ಲಿ ಇರಲಿಲ್ಲ, ಪುಸ್ತಕದಲ್ಲಿ ಇರಲಿಲ್ಲ. ಅದು ಸಿಕ್ಕ ಹೊತ್ತಿಗೆ ಪಾಠವೇ ಮುರಿದುಬಿದ್ದಿತ್ತು. ಕೊನೆಯ ಎರಡು ಪುಟಗಳನ್ನು ನಾನು ಓದಲಿಲ್ಲ. ಅವನೂ ಕೇಳಲಿಲ್ಲ. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಬಂದೆ.

ಮುಂದಿನ ಮೂರು ವಾರ ಶಾಲೆಯ ಗೇಟಿನಲ್ಲಿ ಯಾವ ಜೀಪು ನಿಂತರೂ ಕಿಟಕಿಗೆ ಹೋಗಿ ನೋಡುತ್ತಿದ್ದೆ. ಅವರ ಮನೆಗೆ ಯಾರೂ ಬರಲಿಲ್ಲ. ಆ ಬಿಚ್ಚಿದ ದಾರದ ಹಿಂದೆ ಯಾರ ಕೈ ಇತ್ತೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಹುಡುಗಿಯ ಅಪ್ಪನ ಭಯ ಇಳಿಯಲಿಲ್ಲ. ಹಾವೇರಿಯಲ್ಲಿ ಸಂಬಂಧಿಕರೊಬ್ಬರ ಬಡಿಗತನದ ಅಂಗಡಿ ಇತ್ತು, ಗರಗಸ ಹರಿತ ಮಾಡುವವರು ಬೇಕಾಗಿದ್ದರು. ಹೊರಟುಹೋಗುವುದೆಂದು ತೀರ್ಮಾನ ಮಾಡಿದರು. ಹತ್ತು ವರ್ಷ ಏನೆಲ್ಲ ಬಂದರೂ ಊರು ಬಿಡದವರು ನನ್ನ ಪಾಠಕ್ಕೆ ಬಿಟ್ಟರು.

ಹುಡುಗಿ ವರ್ಗಾವಣೆ ಪತ್ರಕ್ಕೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಅಪ್ಪ ಗೇಟಿನ ಹತ್ತಿರ ಎರಡು ಚೀಲ, ಒಂದು ಟ್ರಂಕು ಇಟ್ಟುಕೊಂಡು ನಿಂತಿದ್ದ. ತಾಯಿ ಆಗಲೇ ಬಸ್ ಸ್ಟ್ಯಾಂಡಿಗೆ ಹೋಗಿದ್ದಳಂತೆ. ಪತ್ರದ ನಮೂನೆ ತುಂಬಿ, ಶಾಲೆ ಬಿಡಲು ಕಾರಣ ಎಂಬಲ್ಲಿ ಎಲ್ಲರಿಗೂ ಬರೆಯುವ ಹಾಗೆ 'ಪಾಲಕರ ಇಚ್ಛೆ' ಎಂದು ಬರೆದೆ. ಅವಳು ಅದನ್ನು ಓದಿದಳು. ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು, ಒಂದು ಕೆಲಸ ಮಾಡಿಕೊಡಬೇಕು ಎಂದಳು. ತಾನು ಬರೆದದ್ದು ತನ್ನದೇ ಎಂದು ತರಗತಿಯಲ್ಲಿ ಹೇಳಬೇಕಂತೆ. ಎಲ್ಲರದ್ದನ್ನೂ ಅವರವರದ್ದೇ ಎಂದು ಹೇಳಬೇಕಂತೆ.

ಹೇಳಿದರೆ ಶಿರಸಿಗೆ ಬರೆದುಕೊಟ್ಟದ್ದು ಸುಳ್ಳಾಗುತ್ತದೆ, ಮೆಮೊಗೆ ಕೊಟ್ಟ ಉತ್ತರ ಸುಳ್ಳಾಗುತ್ತದೆ. ಮಕ್ಕಳು ಮನೆಯಲ್ಲಿ ಹೇಳುತ್ತಾರೆ, ಹೆಡ್‌ಮಾಸ್ತರರ ಕಿವಿಗೆ ಹೋಗುತ್ತದೆ. ನಾನು ಅವಳ ಜೊತೆಯಲ್ಲೇ ನಡೆದು ತರಗತಿಗೆ ಹೋದೆ. ಮೊದಲ ಪೀರಿಯಡ್ ಗಣಿತದ್ದು. ಗಣಿತದ ಮಾಸ್ತರರನ್ನು ಐದು ನಿಮಿಷ ಕೇಳಿಕೊಂಡೆ, ಅವರು ಹೊರಗೆ ಹೋಗಿ ನಿಂತರು.

"ಶಿರಸಿಗೆ ನಾನು ಬರೆದುಕೊಟ್ಟ ಕಾಗದ ಸುಳ್ಳು," ಎಂದೆ. "ನಿಮ್ಮ ನೋಟ್‌ಬುಕ್ಕಿನಲ್ಲಿ ನಾನು ಒಂದು ಸಾಲೂ ಬರೆಸಲಿಲ್ಲ. ಎಲ್ಲಾ ನೀವು ಕೇಳಿ ಬರೆದದ್ದು. ಯಾಕೆ ಸುಳ್ಳು ಬರೆದೆ ಅಂತ ಹೇಳಲಿಕ್ಕೆ ಆಗೋದಿಲ್ಲ. ಆದ್ರೆ ನಿಮ್ಮನ್ನು ಸುಳ್ಳರನ್ನಾಗಿ ಮಾಡಿದ್ದು ನಾನು, ನೀವಲ್ಲ."

ಮುಂದಿನ ಬೆಂಚಿನ ಒಬ್ಬಳು ಅಳತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಚೀಲದಿಂದ ನೋಟ್‌ಬುಕ್ಕು ತೆಗೆದಳು. ಕೊನೆಯ ಎರಡು ಪುಟಗಳನ್ನು ಹರಿದು ತೆಗೆದಿದ್ದಳು. ಅವು ಒಲೆಗೆ ಹೋಗಿವೆ ಎಂದು ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದಳು. ಅವುಗಳ ಜಾಗದಲ್ಲಿ ಹೊಸದೊಂದು ಪುಟ ಅಂಟಿಸಿದ್ದಳು. ಓದಲಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಓದಿದಳು. ಮಿಲ್ಲು ಇದ್ದಕ್ಕಿದ್ದ ಹಾಗೆ ನಿಲ್ಲಲಿಲ್ಲ ಎಂದು ಶುರುವಾಗುತ್ತಿತ್ತು. ಮೊದಲ ವರ್ಷ ಬಂದ ದಿಮ್ಮಿ ಎಷ್ಟು ದಪ್ಪ, ನಡುವೆ ಎಷ್ಟಾಯಿತು, ದೊಡ್ಡ ಗರಗಸ ಬಿಚ್ಚಿಟ್ಟು ಸಣ್ಣದನ್ನು ಹಾಕಿದ್ದು ಯಾವಾಗ, ಎಲ್ಲವನ್ನೂ ಅಪ್ಪನ ಬಾಯಿಂದ ಕೇಳಿ ವರ್ಷದ ಪ್ರಕಾರ ಬರೆದಿದ್ದಳು. ಅವಳ ದನಿ ಅಷ್ಟು ಗಟ್ಟಿ ಇದ್ದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಓದಿ ಮುಗಿಸಿ ನೋಟ್‌ಬುಕ್ಕು ಮುಚ್ಚಿದಾಗ ಅಜ್ಜನ ಭಾಷಣ ಬರೆದಿದ್ದ ಹುಡುಗ ಎದ್ದು ನಿಂತ.

"ಕಡೇ ದಿಮ್ಮಿ ಯಾವ ಮರದ್ದು?" ಎಂದು ಕೇಳಿದ.

ಅವಳು ನನ್ನ ಮುಖ ನೋಡಿದಳು. ಗೊತ್ತಿರಲಿಲ್ಲ. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಗೇಟಿನ ಕಡೆ ಓಡಿದಳು. ಮಕ್ಕಳೆಲ್ಲ ಕಿಟಕಿಗೆ ಹೋದರು. ಅಪ್ಪ ಟ್ರಂಕಿನ ಮೇಲಿಂದ ಎದ್ದು, ಅವಳು ಕೇಳಿದ್ದನ್ನು ಬಗ್ಗಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಹಳ್ಳದ ಕಡೆ ನೋಡುತ್ತ ನಿಂತ. ಆಮೇಲೆ ಏನೋ ಹೇಳಿದ. ಅವಳು ಓಡುತ್ತಲೇ ಬಂದಳು, ಏದುಸಿರು ಬಿಡುತ್ತಿದ್ದಳು.

"ನಂದಿ ಮರ," ಎಂದಳು. "ಇಷ್ಟೇ ದಪ್ಪ ಇತ್ತಂತೆ."

ಎರಡು ಕೈಯ ಬೆರಳುಗಳನ್ನು ದುಂಡಗೆ ಕೂಡಿಸಿ ತೋರಿಸಿದಳು. ಒಂದು ಮಡಕೆಯ ಬಾಯಿಯಷ್ಟು. ಎಲ್ಲರೂ ನೋಡುವವರೆಗೆ ಕೈ ಹಾಗೇ ಹಿಡಿದಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಗೇಟಿನಿಂದ ಕರೆದ. ಅವಳು ನೋಟ್‌ಬುಕ್ಕು ಎತ್ತಿಕೊಂಡು ಹೋದಳು.

ಮೂವತ್ತಾರು ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು. ನೋಟ್‌ಬುಕ್ಕು ತೆಗೆದು ಬರೆದುಕೊಂಡರು, ನಾನು ಬರೆದುಕೊಳ್ಳಿ ಎಂದು ಹೇಳಿರಲಿಲ್ಲ.